ಬ್ಯಾಟರಿ ಫುಲ್ ತೋರಿಸುತ್ತೆ, ಸ್ಕ್ರೀನ್ ಕಪ್ಪಾಗುತ್ತೆ: ಬೋರ್ಡ್ ಬದಲಿಸುವ ಮೊದಲು ಇಷ್ಟು ನೋಡಿ

ಪ್ರಶ್ನೆ: ಸಿಂಧನೂರಿನಲ್ಲಿ ಸಣ್ಣ ಸ್ಟುಡಿಯೊ ಇದೆ. ಹೊರಗೆ ತೆಗೆದು ತಿರುಗಿಸುವ ಸ್ಕ್ರೀನ್ ಇರುವ ಡಿಎಸ್‌ಎಲ್‌ಆರ್ ಬಳಸುತ್ತೇನೆ, ನಾಲ್ಕು ವರ್ಷ ಹಳೆಯದು. ರಾತ್ರಿ ಫುಲ್ ಚಾರ್ಜ್ ಮಾಡಿಟ್ಟರೂ ಮದುವೆಯಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ಬ್ಯಾಟರಿ ಗುರುತು ಮಿನುಗುತ್ತದೆ. ಹತ್ತು ನಿಮಿಷ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಅರ್ಧ ತೋರಿಸುತ್ತದೆ. ಈಚೆಗೆ ಸ್ಕ್ರೀನ್ ಕೂಡ ಆಗಾಗ ಕಪ್ಪಾಗುತ್ತದೆ, ಅಲುಗಾಡಿಸಿದರೆ ಬರುತ್ತದೆ. ತಾರೀಖು, ಟೈಮ್ ತಾನಾಗಿಯೇ ತಪ್ಪುತ್ತದೆ. ರಿಪೇರಿಯವರು ‘ಬೋರ್ಡ್ ಹೋಗಿದೆ, ಒಂಬತ್ತು ಸಾವಿರ ಆಗುತ್ತೆ’ ಎಂದರು. ಮಾಡಿಸಲೇ? ಅಲ್ಲಿಯವರೆಗೆ ಡುಪ್ಲಿಕೇಟ್ ಬ್ಯಾಟರಿ ತಗೊಳ್ಳಬಹುದೇ? ಮನೆಯಲ್ಲಿ ಸೆಲ್ ಹಾಕುವ ಹಳೆಯ ಸಣ್ಣ ಕ್ಯಾಮೆರಾ ಕೂಡ ಇದೆ. ಹೊಸ ಸೆಲ್ ಹಾಕಿದರೂ ಲೆನ್ಸ್ ಹೊರಗೆ ಬಂದು ಹಾಗೇ ನಿಂತುಬಿಡುತ್ತದೆ. ಅದಕ್ಕೇನು ಮಾಡಬೇಕು?

ಉತ್ತರ: ಒಂಬತ್ತು ಸಾವಿರ ಈಗಲೇ ಕೊಡಬೇಡಿ. ನೀವು ಬರೆದದ್ದನ್ನು ಓದಿದರೆ ನನಗೆ ಬೋರ್ಡಿನ ಮೇಲೆ, ಅಂದರೆ ಕ್ಯಾಮೆರಾ ಒಳಗಿನ ಮುಖ್ಯ ಸರ್ಕ್ಯೂಟ್ ಮೇಲೆ, ಅಷ್ಟು ಅನುಮಾನ ಬರುವುದಿಲ್ಲ. ಎರಡು ಬೇರೆ ಬೇರೆ ತೊಂದರೆಗಳು ಒಂದೇ ಸೀಸನ್ನಿನಲ್ಲಿ ಬಂದಿರುವ ಹಾಗಿದೆ. ಬ್ಯಾಟರಿಗೆ ವಯಸ್ಸಾಗಿದೆ. ಸ್ಕ್ರೀನ್ ತಿರುಗುವ ಜಾಗದಲ್ಲಿ ಹಾದುಹೋಗುವ ಕೇಬಲ್ ಸವೆದಿದೆ. ಎರಡೂ ಒಟ್ಟಿಗೆ ಕಂಡಾಗ ‘ಬೋರ್ಡ್’ ಎಂದು ಹೇಳುವುದು ಸುಲಭ, ಏಕೆಂದರೆ ಆ ಒಂದು ಮಾತು ಎರಡನ್ನೂ ವಿವರಿಸಿಬಿಡುತ್ತದೆ. ಬೋರ್ಡ್ ಹೋಗುವುದೇ ಇಲ್ಲ ಅಂತಲ್ಲ. ಆದರೆ ಹೋದ ಬೋರ್ಡ್ ಹತ್ತು ನಿಮಿಷ ಸುಮ್ನೆ ಕೂತು ಸರಿಯಾಗುವುದು ಅಪರೂಪ. ಬ್ಯಾಟರಿ ಮಾತ್ರ ಹಾಗೆ ಮಾಡುತ್ತದೆ.

ಮೊದಲು ಖರ್ಚಿಲ್ಲದ ಒಂದು ಪರೀಕ್ಷೆ. ಮುಂದಿನ ಸಲ ಸ್ಕ್ರೀನ್ ಕಪ್ಪಾದಾಗ ಅಲುಗಾಡಿಸಬೇಡಿ. ಲೈವ್ ವ್ಯೂ (ವ್ಯೂಫೈಂಡರ್ ಬಿಟ್ಟು ಸ್ಕ್ರೀನಿನಲ್ಲೇ ನೋಡಿ ತೆಗೆಯುವುದು) ಹಾಕಿದ್ದರೆ ಅದರ ಬಟನ್ ಒತ್ತಿ ಹೊರಗೆ ಬನ್ನಿ. ಕಣ್ಣನ್ನು ವ್ಯೂಫೈಂಡರಿಗೆ ಇಟ್ಟು ಶಟರ್ ಬಟನ್ ಅರ್ಧ ಒತ್ತಿ. ಕೆಳಗಡೆ ಶಟರ್ ವೇಗ, ಅಪರ್ಚರ್ ಅಂಕಿಗಳು ಕಾಣುತ್ತವೆಯೇ? ಲೆನ್ಸ್ ಫೋಕಸ್ ಮಾಡುತ್ತದೆಯೇ? ಕ್ಲಿಕ್ ಆಗುತ್ತದೆಯೇ? ಇವೆಲ್ಲ ಆಗುತ್ತಿದ್ದರೆ ಕ್ಯಾಮೆರಾ ಬದುಕಿದೆ, ಬ್ಯಾಟರಿಯೂ ಆ ಕ್ಷಣಕ್ಕೆ ಸರಿ ಇದೆ, ಸ್ಕ್ರೀನ್ ಮಾತ್ರ ಹೋಗಿದೆ ಎಂದರ್ಥ. ಅಂಕಿಯೂ ಇಲ್ಲ, ಸದ್ದೂ ಇಲ್ಲ ಎಂದರೆ ಇಡೀ ಕ್ಯಾಮೆರಾಗೆ ಕರೆಂಟ್ ಬರುತ್ತಿಲ್ಲ. ಹಾಗಿದ್ದರೆ ಸ್ಕ್ರೀನನ್ನು ಬಿಟ್ಟು ಬ್ಯಾಟರಿ, ಅದರ ಬಾಗಿಲು, ಟರ್ಮಿನಲ್ ಕಡೆ ನೋಡಬೇಕು. ನನ್ನ ಮಟ್ಟಿಗೆ ಅರ್ಧ ರಿಪೇರಿ ಇಲ್ಲೇ ಮುಗಿಯುತ್ತದೆ. ಗಿರಾಕಿ ‘ಡಿಸ್‌ಪ್ಲೇ ಬರ್ತಿಲ್ಲ’ ಎಂದು ತರುವ ಕ್ಯಾಮೆರಾಗಳಲ್ಲಿ ಎಷ್ಟೋ ಸಲ ಡಿಸ್‌ಪ್ಲೇಗೆ ಏನೂ ಆಗಿರುವುದಿಲ್ಲ.

ಅಲುಗಾಡಿಸಿದರೆ ಬರುತ್ತದೆ ಎಂದಿದ್ದೀರಿ. ಇದು ಬಹಳ ಮುಖ್ಯದ ಸುಳಿವು. ನಿಮ್ಮ ಸ್ಕ್ರೀನ್ ಒಂದು ಹಿಂಜಿನ ಮೇಲೆ ತಿರುಗುತ್ತದೆ. ಆ ಹಿಂಜಿನ ಒಳಗೆ ತೆಳ್ಳನೆಯ, ಕಾಗದದಂಥ ಒಂದು ರಿಬ್ಬನ್ ಕೇಬಲ್ ಸುರುಳಿ ಸುತ್ತಿಕೊಂಡು ಹೋಗುತ್ತದೆ. ಅಂಗಡಿಯವರು ಅದನ್ನು ಫ್ಲೆಕ್ಸ್ ಅನ್ನುತ್ತಾರೆ. ಚಿತ್ರದ ಸಿಗ್ನಲ್, ಹಿಂಬದಿ ಬೆಳಕಿನ ಕರೆಂಟ್, ಟಚ್ ಇದ್ದರೆ ಅದರ ಸಿಗ್ನಲ್, ಎಲ್ಲವೂ ಇದರಲ್ಲೇ ಹೋಗಬೇಕು. ಮದುವೆ ಫೋಟೊಗ್ರಾಫರ್ ದಿನಕ್ಕೆ ಎಷ್ಟು ಸಲ ಸ್ಕ್ರೀನ್ ತೆಗೆದು ಮುಚ್ಚುತ್ತಾನೆ ಯೋಚಿಸಿ. ವೇದಿಕೆ ಮುಂದೆ ಕೈ ಮೇಲೆತ್ತಿ ಹಿಡಿಯುವುದು, ಸುರಗಿ ಶಾಸ್ತ್ರದಲ್ಲಿ ನೆಲದ ಮಟ್ಟಕ್ಕೆ ಇಳಿಸುವುದು, ಮತ್ತೆ ಮಡಚಿ ಬ್ಯಾಗಿಗೆ ಹಾಕುವುದು. ಮಡಚಿದ ಕಡೆಯೇ ಮಡಚಿ ತಾಮ್ರದ ಒಂದು ಎಳೆ ಬಿರುಕು ಬಿಡುತ್ತದೆ. ಒಂದು ಕೋನದಲ್ಲಿ ಎರಡು ತುದಿ ಕೂಡಿಕೊಳ್ಳುತ್ತವೆ, ಇನ್ನೊಂದು ಕೋನದಲ್ಲಿ ಬಿಡುತ್ತವೆ.

ಪರೀಕ್ಷೆ ಹೀಗೆ: ಮೆನು ತೆರೆದು ಸ್ಕ್ರೀನನ್ನು ಬಹಳ ನಿಧಾನ ಹೊರಗೆ ತೆಗೆಯಿರಿ, ನಿಧಾನ ತಿರುಗಿಸಿ. ಯಾವುದೋ ಒಂದು ಕೋನಕ್ಕೆ ಬಂದಾಗ ಪ್ರತಿ ಸಲವೂ ಕಪ್ಪಾದರೆ ಅಥವಾ ಗೆರೆ, ಬಣ್ಣ ಕೆಟ್ಟು ಬಂದರೆ ಅದು ಫ್ಲೆಕ್ಸ್. ಒಂದು ಎಚ್ಚರ, ಸ್ಕ್ರೀನನ್ನು ಒಳಮುಖ ಮಾಡಿ ಮುಚ್ಚಿದಾಗ ಕ್ಯಾಮೆರಾ ತಾನೇ ಅದನ್ನು ಆರಿಸುತ್ತದೆ. ಅದನ್ನು ದೋಷ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ಸ್ಕ್ರೀನ್ ಹೇಗೆ ಕಪ್ಪಾಗಿದೆ ಎನ್ನುವುದನ್ನೂ ನೋಡಿ. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಡಿ. ಮಂಕಾಗಿ ಮೆನು ಅಕ್ಷರ ಕಂಡರೆ ಚಿತ್ರ ಬರುತ್ತಿದೆ, ಹಿಂಬದಿಯ ಬೆಳಕು ಮಾತ್ರ ಹೋಗಿದೆ. ಉಲ್ಟಾ, ಸ್ಕ್ರೀನ್ ಬೆಳ್ಳಗೆ ಬೆಳಗುತ್ತಿದ್ದು ಚಿತ್ರ ಇಲ್ಲದಿದ್ದರೆ ಬೆಳಕಿನ ತಂತಿ ಸರಿ ಇದೆ, ಸಿಗ್ನಲ್ ತಂತಿ ಬಿಟ್ಟಿದೆ. ಎರಡಕ್ಕೂ ಫ್ಲೆಕ್ಸ್ ಅಥವಾ ಸ್ಕ್ರೀನ್ ಪ್ಯಾನೆಲ್ ಕಾರಣ ಆಗಿರುವುದೇ ಹೆಚ್ಚು.

ಬೋರ್ಡ್ ಬಗ್ಗೆ ತೀರ್ಮಾನ ಬೇಕೆಂದರೆ ಟಿವಿಗೆ ಜೋಡಿಸಿ ನೋಡಿ. ನಿಮ್ಮಂಥ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಮಿನಿ ಎಚ್‌ಡಿಎಂಐ ಕಿಂಡಿ ಇರುತ್ತದೆ. ಕೇಬಲ್ ಹಾಕಿ ಪ್ಲೇ ಬಟನ್ ಒತ್ತಿ. ಕ್ಯಾಮೆರಾ ಸ್ಕ್ರೀನ್ ಸತ್ತಿದ್ದರೂ ಟಿವಿಯಲ್ಲಿ ನಿಮ್ಮ ಫೋಟೊಗಳು ಚೆನ್ನಾಗಿ ಬಂದರೆ, ಮೆನು ಓಡಾಡಿದರೆ, ಚಿತ್ರ ತಯಾರಿಸುವ ಬೋರ್ಡ್ ಕೆಲಸ ಮಾಡುತ್ತಿದೆ. ಆಗ ರಿಪೇರಿಯವರ ಮುಂದೆ ಅದನ್ನೇ ಹಾಕಿ ತೋರಿಸಿ. ಮಾತು ಬದಲಾಗುತ್ತದೆ ನೋಡಿ. ಫ್ಲೆಕ್ಸ್ ಬದಲಿಸಲು ಹಿಂಬದಿ ಕವರ್ ಬಿಚ್ಚಬೇಕು, ಹಿಂಜ್ ಬಿಡಿಸಬೇಕು. ತಾಳ್ಮೆಯ ಕೆಲಸ, ಕೂಲಿ ಕೊಡಲೇಬೇಕು. ಆದರೂ ಬೋರ್ಡಿನ ಲೆಕ್ಕಕ್ಕೆ ಅದು ಹತ್ತಿರವೂ ಬರುವುದಿಲ್ಲ.

ಇನ್ನೊಂದು ಗೊಂದಲವನ್ನೂ ಬಗೆಹರಿಸಿಕೊಳ್ಳಿ. ಗೆರೆ, ನೇರಳೆ ಬಣ್ಣ, ಚುಕ್ಕೆ ಏನಾದರೂ ಕಂಡರೆ ಅದೇ ಫೋಟೊವನ್ನು ಕಂಪ್ಯೂಟರಿಗೆ ಹಾಕಿ ನೋಡಿ. ಅಲ್ಲಿ ಫೋಟೊ ಸ್ವಚ್ಛ ಇದ್ದರೆ ಸ್ಕ್ರೀನಿನ ತೊಂದರೆ. ಅಲ್ಲೂ ಕೆಟ್ಟಿದ್ದರೆ ಸೆನ್ಸರ್ (ಚಿತ್ರ ಹಿಡಿಯುವ ಭಾಗ), ಶಟರ್ ಅಥವಾ ಕಾರ್ಡಿನ ತೊಂದರೆ. 2005ರಲ್ಲಿ ಹಲವು ಕ್ಯಾಮೆರಾ ಕಂಪನಿಗಳು ತಮ್ಮ ಸಣ್ಣ ಕ್ಯಾಮೆರಾಗಳಲ್ಲಿ ಇಂಥದ್ದೇ ದೋಷ ಇದೆ ಎಂದು ಪ್ರಕಟಿಸಿದವು. ಬಿಸಿ ಮತ್ತು ತೇವ ಹೆಚ್ಚಿರುವ ಕಡೆ ಸಿಸಿಡಿ ಎಂಬ ಬಗೆಯ ಸೆನ್ಸರಿನ ಒಳಗಿನ ಜೋಡಣೆ ಬಿಟ್ಟು ಚಿತ್ರ ನೇರಳೆಯಾಗುತ್ತಿತ್ತು ಅಥವಾ ಪೂರ್ತಿ ಕಪ್ಪಾಗುತ್ತಿತ್ತು. ನೋಡಿದವರಿಗೆ ಡಿಸ್‌ಪ್ಲೇ ಹೋಗಿದೆ ಎಂದು ಅನ್ನಿಸುವುದು ಸಹಜ. ಅಂದರೆ ಈ ಗೊಂದಲ ಹೊಸದಲ್ಲ.

ರಿಪೇರಿಗೆ ಹೋಗುವ ಮೊದಲು ತಳ್ಳಿಹಾಕಬೇಕಾದ ಸಣ್ಣ ಕಾರಣಗಳೂ ಇವೆ. ಇನ್ಫೊ ಅಥವಾ ಡಿಸ್ಪ್ ಬಟನ್ ಒತ್ತಿ ನೋಡಿ. ಕೈತಪ್ಪಿ ಒತ್ತಿದರೆ ಮಾಹಿತಿ ಸ್ಕ್ರೀನ್ ಆರುತ್ತದೆ. ಕೆಲವು ಕ್ಯಾಮೆರಾಗಳಲ್ಲಿ ವ್ಯೂಫೈಂಡರ್ ಹತ್ತಿರ ಕಣ್ಣು ಬಂತೆಂದು ಗುರುತಿಸುವ ಪುಟ್ಟ ಸೆನ್ಸರ್ ಇರುತ್ತದೆ. ಅದರ ಮೇಲೆ ಬೆಲ್ಟ್ ಬಿದ್ದರೂ, ಹೆಬ್ಬೆರಳು ಇದ್ದರೂ, ಅರಿಶಿಣದ ಪುಡಿ ಕೂತರೂ ಕಣ್ಣು ಬಂದಿದೆ ಎಂದುಕೊಂಡು ಸ್ಕ್ರೀನ್ ಆರಿಸುತ್ತದೆ. ಮದುವೆ ಮನೆಯಲ್ಲಿ ಅರಿಶಿಣ ಎಲ್ಲೆಲ್ಲಿ ಸೇರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮೆತ್ತನೆಯ ಬ್ರಷ್‌ನಿಂದ ಒರೆಸಿ. ಮತ್ತೊಂದು ಮಾತು ಕೇಳಿ ನಗಬೇಡಿ: ಮಧ್ಯಾಹ್ನದ ಬಿಸಿಲಿಗೆ ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು ನೋಡಿದರೆ, ಕ್ಯಾಮೆರಾ ಅಡ್ಡ ಹಿಡಿದಾಗ ಕಾಣುವ ಸ್ಕ್ರೀನ್ ಉದ್ದ ಹಿಡಿದಾಗ ಕಪ್ಪಾಗಬಹುದು. ಆನೆಗೊಂದಿ, ಸಣಾಪುರ ಕೆರೆ ಕಡೆ ಪ್ರಿವೆಡ್ಡಿಂಗ್ ಶೂಟಿಗೆ ಹೋದವರಿಂದ ಈ ದೂರು ಬರುತ್ತಲೇ ಇರುತ್ತದೆ. ಕನ್ನಡಕ ತೆಗೆದರೆ ರಿಪೇರಿ ಮುಗೀತು.

ಈಗ ಬ್ಯಾಟರಿಗೆ ಬರೋಣ. ಫುಲ್ ತೋರಿಸಿ ದಿಢೀರನೆ ಇಳಿಯುವುದು, ರೆಸ್ಟ್ ಕೊಟ್ಟರೆ ಮತ್ತೆ ಅರ್ಧ ತೋರಿಸುವುದು, ಇವೆರಡೂ ಸೇರಿದರೆ ಮುದಿ ಲಿಥಿಯಂ ಬ್ಯಾಟರಿಯ ಪಕ್ಕಾ ಲಕ್ಷಣ. ನಿಮ್ಮ ಕ್ಯಾಮೆರಾದ ಬ್ಯಾಟರಿಯೊಳಗೆ ಎರಡು ಸೆಲ್ ಸಾಲಾಗಿ ಇರುತ್ತವೆ. ಅದರ ಮೇಲೆ 7.2 ಅಥವಾ 7.4 ವೋಲ್ಟ್ ಎಂದು ಬರೆದಿರುತ್ತದೆ. ಫುಲ್ ಚಾರ್ಜ್ ಆದಾಗ ಸುಮಾರು 8.4 ವೋಲ್ಟ್ ಇರುತ್ತದೆ. ಕ್ಯಾಮೆರಾ ಮುಖ್ಯವಾಗಿ ಈ ವೋಲ್ಟೇಜ್ ನೋಡಿಯೇ ಎಷ್ಟು ಉಳಿದಿದೆ ಎಂದು ಅಂದಾಜು ಮಾಡುತ್ತದೆ. ಬ್ಯಾಟರಿ ಹಳೆಯದಾದಂತೆ ಒಳಗಿನ ತಡೆ ಹೆಚ್ಚುತ್ತದೆ. ಸುಮ್ನೆ ಇದ್ದಾಗ ವೋಲ್ಟೇಜ್ ಚೆನ್ನಾಗಿಯೇ ಇರುತ್ತದೆ. ಲೈವ್ ವ್ಯೂ ಆನ್ ಆಗಿ, ಲೆನ್ಸ್ ಮೋಟಾರ್ ತಿರುಗಿ, ಫ್ಲಾಶ್ ಚಾರ್ಜ್ ಆಗಲು ಶುರುವಾದ ಕೂಡಲೇ ಕುಸಿಯುತ್ತದೆ. ನಿಮ್ಮ ಭಾಗದ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ತುಂಗಭದ್ರಾ ಡ್ಯಾಮ್ ತುಂಬಿದೆ ಎಂದು ಪೇಪರಿನಲ್ಲಿ ಬರುತ್ತದೆ, ಕಾಲುವೆಯಲ್ಲಿ ಹೂಳು ತುಂಬಿದ್ದರೆ ಕೊನೆ ಭಾಗದ ಗದ್ದೆಗೆ ನೀರು ಬರುವುದಿಲ್ಲ. ಬೇಡಿಕೆ ನಿಂತರೆ ವೋಲ್ಟೇಜ್ ನಿಧಾನವಾಗಿ ಮೇಲೇರುತ್ತದೆ. ಹತ್ತು ನಿಮಿಷದ ಮೇಲೆ ನಿಮಗೆ ಕಾಣುವ ‘ಅರ್ಧ’ ಅದೇ.

ಹಾಗಾಗಿ ಮಲ್ಟಿಮೀಟರ್ ಇಟ್ಟು 8.2 ಬಂತು, ಬ್ಯಾಟರಿ ಚೆನ್ನಾಗಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಲೋಡ್ ಇಲ್ಲದೆ, ಅಂದರೆ ಬ್ಯಾಟರಿಗೆ ಕೆಲಸ ಕೊಡದೆ, ಅಳೆದ ವೋಲ್ಟೇಜ್ ಪೂರ್ತಿ ಸತ್ತ ಬ್ಯಾಟರಿಯನ್ನು ಹಿಡಿಯಲು ಸಾಕು, ಸುಸ್ತಾದದ್ದನ್ನು ಹಿಡಿಯಲು ಸಾಲದು. ಅದಕ್ಕಿಂತ ಒಳ್ಳೆಯ ದಾರಿ ಅದಲು ಬದಲು. ಅದೇ ಮಾಡೆಲ್ ಕ್ಯಾಮೆರಾ ಇರುವ ಗೆಳೆಯರಿಂದ, ಚೆನ್ನಾಗಿ ಬಾಳಿಕೆ ಬರುತ್ತಿರುವ ಬ್ಯಾಟರಿಯನ್ನು ಒಂದು ಕಾರ್ಯಕ್ರಮಕ್ಕೆ ಕೇಳಿ. ಅದು ನಿಮ್ಮ ಕ್ಯಾಮೆರಾದಲ್ಲಿ ಸರಿಯಾಗಿ ನಡೆದರೆ ಬೋರ್ಡ್ ಕರೆಂಟ್ ನುಂಗುತ್ತಿಲ್ಲ ಎಂದಾಯಿತು. ನಿಮ್ಮ ಬ್ಯಾಟರಿಯನ್ನು ಅವರ ಕ್ಯಾಮೆರಾಗೆ ಹಾಕಿ, ಅಲ್ಲೂ ಬೇಗ ಇಳಿದರೆ ಮತ್ತೆ ಮಾತೇ ಬೇಡ. ಗೆಳೆಯರ ಬ್ಯಾಟರಿಯೂ ನಿಮ್ಮಲ್ಲಿ ದಿಢೀರ್ ಇಳಿದರೆ ಮಾತ್ರ ಬೋರ್ಡಿನ ಮೇಲೆ ಅನುಮಾನಪಡಲು ಕಾರಣ ಇದೆ.

ಕೆಲವು ಕ್ಯಾಮೆರಾಗಳ ಸೆಟಪ್ ಮೆನುವಿನಲ್ಲಿ ಬ್ಯಾಟರಿ ಮಾಹಿತಿ ಎನ್ನುವ ಜಾಗ ಇದೆ. ಕ್ಯಾನನ್‌ನ ಮೇಲ್ದರ್ಜೆಯವುಗಳಲ್ಲಿ ರೀಚಾರ್ಜ್ ಸಾಮರ್ಥ್ಯವನ್ನು ಮೂರು ಚೌಕಗಳಲ್ಲಿ ತೋರಿಸುತ್ತದೆ, ಒಂದೇ ಉಳಿದು ಕೆಂಪಾದರೆ ಬ್ಯಾಟರಿ ಬದಲಿಸಬೇಕು. ನಿಕಾನ್‌ನ ಕೆಲವು ಮಾಡೆಲ್‌ಗಳು ವಯಸ್ಸನ್ನು 0ಯಿಂದ 4ರವರೆಗೆ ತೋರಿಸುತ್ತವೆ, 0 ಅಂದರೆ ಹೊಸದು. ಶುರುವಿನ ಮಾಡೆಲ್‌ಗಳಲ್ಲಿ ಇದು ಸಿಗುವುದು ಕಡಿಮೆ, ಆದರೂ ಹುಡುಕಿ ನೋಡಿ.

ನಾಲ್ಕು ವರ್ಷಕ್ಕೇ ಮುದಿಯಾಯಿತೇ ಎಂದು ನಿಮಗೆ ಅನ್ನಿಸಬಹುದು. ನಮ್ಮ ಬಿಸಿಲಲ್ಲಿ ಆಗುತ್ತದೆ. ಪೂರ್ತಿ ಚಾರ್ಜ್ ಮಾಡಿ 40 ಡಿಗ್ರಿ ಬಿಸಿಯಲ್ಲಿ ಒಂದು ವರ್ಷ ಇಟ್ಟ ಲಿಥಿಯಂ ಬ್ಯಾಟರಿ, ಬಳಸದೇ ಇದ್ದರೂ, ತನ್ನ ಸಾಮರ್ಥ್ಯದ ಸುಮಾರು ಮೂರನೇ ಒಂದು ಭಾಗ ಕಳೆದುಕೊಳ್ಳಬಹುದು. ಅದೇ ಬ್ಯಾಟರಿಯನ್ನು ಶೇ 40ರಷ್ಟು ಚಾರ್ಜ್‌ನಲ್ಲಿ, 25 ಡಿಗ್ರಿಯಲ್ಲಿ ಇಟ್ಟರೆ ನಷ್ಟ ಶೇ 4ರ ಆಸುಪಾಸು. ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ಏಪ್ರಿಲ್, ಮೇ ಅಂದರೆ 40 ದಾಟುವುದು ಮಾಮೂಲಿ. ತಗಡಿನ ಶೀಟಿನ ಸ್ಟುಡಿಯೊದಲ್ಲಿ ಇನ್ನೂ ಜಾಸ್ತಿ. ಮದುವೆ ಸೀಸನ್ನೂ ಅದೇ ಹೊತ್ತಿಗೆ! ಬಹುತೇಕ ಕ್ಯಾಮೆರಾಗಳ ಪುಸ್ತಕದಲ್ಲಿ 0ಯಿಂದ 40 ಡಿಗ್ರಿ ಒಳಗೆ ಬಳಸಿ ಎಂದು ಬರೆದಿದೆ. ಆ ಲೆಕ್ಕದಲ್ಲಿ ನಾವು ವರ್ಷಕ್ಕೆ ಎರಡು ತಿಂಗಳು ಅಂಗಡಿ ಮುಚ್ಚಬೇಕಾಗುತ್ತದೆ.

ಮುಚ್ಚಲು ಆಗಲ್ಲ, ಅಲ್ವಾ? ಹಾಗಾದರೆ ರೂಢಿ ಬದಲಿಸಿ. ಸೀಸನ್ ಇಲ್ಲದಾಗ ಬ್ಯಾಟರಿಯನ್ನು ಫುಲ್ ಮಾಡಿ ಬೀರುವಿನಲ್ಲಿ ಇಡಬೇಡಿ, ಅರ್ಧಕ್ಕೆ ಇಳಿಸಿ ಇಡಿ. ಫುಲ್ ಚಾರ್ಜ್ ಕೆಲಸದ ಹಿಂದಿನ ರಾತ್ರಿ ಸಾಕು. ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಹಾಕಬೇಕು ಎಂಬ ಮಾತು ಹಳೆಯ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಲಿಥಿಯಂಗೆ ಅದು ಬೇಡ, ಮಾಡಿದರೆ ಕೆಡುಕೇ. ಬಿಸಿಲಲ್ಲಿ ಶೂಟ್ ಮುಗಿಸಿ ಬಂದ ಕೂಡಲೇ, ಕೈಗೆ ಬಿಸಿ ಹತ್ತುವ ಬ್ಯಾಟರಿಯನ್ನು ಚಾರ್ಜರ್‌ಗೆ ಹಾಕಬೇಡಿ. ನೆರಳಲ್ಲಿ ಅರ್ಧ ಗಂಟೆ ಬಿಡಿ. ಕಾರಿನ ಡ್ಯಾಶ್‌ಬೋರ್ಡ್, ಬೈಕಿನ ಟ್ಯಾಂಕ್ ಮೇಲಿನ ಬ್ಯಾಗ್ ಎರಡೂ ಕ್ಯಾಮೆರಾಗೆ ಜಾಗ ಅಲ್ಲ. ಬಿಸಿಲಲ್ಲಿ ಮುಚ್ಚಿಟ್ಟ ಕಾರಿನ ಒಳಗೆ 60 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. ಆ ಬಿಸಿಗೆ ಎಲ್‌ಸಿಡಿ ಪರದೆ ಕೂಡ ಮಬ್ಬಾಗಿ ಕಪ್ಪು ಮಚ್ಚೆ ತೋರಿಸಬಹುದು. ಆರಿದ ಮೇಲೆ ಸಾಮಾನ್ಯವಾಗಿ ಸರಿಹೋಗುತ್ತದೆ, ಗಾಬರಿ ಬೇಡ. ಬೇಗ ತಣ್ಣಗಾಗಲಿ ಎಂದು ಫ್ರಿಜ್ಜಿಗೆ ಇಡುವವರೂ ಇದ್ದಾರೆ. ಬೇಡ. ಹೊರಗೆ ತೆಗೆದ ಕೂಡಲೇ ಒಳಗೆಲ್ಲ ನೀರಿನ ಹನಿ ಕಟ್ಟುತ್ತದೆ.

ಹೊಸ ಬ್ಯಾಟರಿ ಹಾಕಿದರೂ ಬೇಗ ಮುಗಿಯುತ್ತದೆ ಎಂದರೆ ನಿಮ್ಮ ಬಳಕೆಯ ರೀತಿಯನ್ನೂ ನೋಡಬೇಕು. ಡಬ್ಬದ ಮೇಲಿನ ಫೋಟೊ ಲೆಕ್ಕ ಸಿಪಾ ಎಂಬ ಜಪಾನಿನ ಸಂಸ್ಥೆಯ ಪರೀಕ್ಷಾ ವಿಧಾನದ್ದು, ಅಳೆಯುವುದು ಹಿತವಾದ ಕೋಣೆಯ ತಾಪಮಾನದಲ್ಲಿ. ಆ ಲೆಕ್ಕದಲ್ಲಿ ನಿಕಾನ್ ಡಿ5600 ಎಂಬ ಡಿಎಸ್‌ಎಲ್‌ಆರ್‌ಗೆ 970 ಫೋಟೊ, ಒಳಗೆ ಕನ್ನಡಿ ಇಲ್ಲದ ‘ಮಿರರ್‌ಲೆಸ್’ ಕ್ಯಾಮೆರಾ ಕ್ಯಾನನ್ ಎಂ50ಗೆ 235. ಇಷ್ಟು ಅಂತರಕ್ಕೆ ದೊಡ್ಡ ಕಾರಣ ಸ್ಕ್ರೀನ್ ಮತ್ತು ಸೆನ್ಸರ್. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಎರಡೂ ಸದಾ ಉರಿಯುತ್ತಿರಬೇಕು. ಡಿಎಸ್‌ಎಲ್‌ಆರ್‌ನಲ್ಲಿ ವ್ಯೂಫೈಂಡರ್ ಮೂಲಕ ನೋಡಿದರೆ ಅವು ಮಲಗಿರುತ್ತವೆ. ನೀವು ಸ್ಕ್ರೀನ್ ಹೊರಗೆ ತೆಗೆದು ಲೈವ್ ವ್ಯೂನಲ್ಲೇ ಇಡೀ ಮದುವೆ ತೆಗೆಯುತ್ತಿದ್ದರೆ ಡಿಎಸ್‌ಎಲ್‌ಆರ್‌ನ ಲಾಭ ಬಿಟ್ಟುಕೊಟ್ಟಂತೆ. ಬೇಕಾದಾಗ ಮಾತ್ರ ಹಾಕಿ. ವೈಫೈ, ಬ್ಲೂಟೂತ್ ಆಫ್ ಮಾಡಿ. ಕೆಲವು ಮಾಡೆಲ್‌ಗಳಲ್ಲಿ ಕ್ಯಾಮೆರಾ ಆಫ್ ಇದ್ದರೂ ಬ್ಲೂಟೂತ್ ಎಚ್ಚರ ಇರುತ್ತದೆ. ರಾತ್ರಿ ಫುಲ್ ಇದ್ದದ್ದು ಬೆಳಿಗ್ಗೆ ಇಳಿದಿರುವುದಕ್ಕೆ ಇದೂ ಕಾರಣ ಆಗಬಹುದು. ವಿಡಿಯೊ ತೆಗೆಯುವಾಗ 29 ನಿಮಿಷ 59 ಸೆಕೆಂಡಿಗೆ ರೆಕಾರ್ಡಿಂಗ್ ತಾನೇ ನಿಂತರೆ ಅದು ಬ್ಯಾಟರಿಯೂ ಅಲ್ಲ, ಬಿಸಿಯೂ ಅಲ್ಲ. ಬಹಳ ಡಿಎಸ್‌ಎಲ್‌ಆರ್‌ಗಳಿಗೆ ಆ ಮಿತಿ ಫ್ಯಾಕ್ಟರಿಯಲ್ಲೇ ಇಟ್ಟದ್ದು. ಮತ್ತೆ ಬಟನ್ ಒತ್ತಿದರೆ ಶುರುವಾಗುತ್ತದೆ.

ಟರ್ಮಿನಲ್ ಸ್ವಚ್ಛ ಮಾಡಿ. ಕಾರಟಗಿ, ಗಂಗಾವತಿ, ನಿಮ್ಮ ಸಿಂಧನೂರು ಕಡೆ ಭತ್ತದ ಧೂಳು, ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಪು ಧೂಳು. ಬ್ಯಾಟರಿ ಗೂಡಿನೊಳಗೆ ಎರಡೂ ಸೇರುತ್ತವೆ. ಬಾಯಿಂದ ಊದಬೇಡಿ, ಎಂಜಲು ಹೋಗುತ್ತದೆ. ರಬ್ಬರಿನ ಬ್ಲೋವರ್ ಬಳಸಿ. ಬ್ಯಾಟರಿಯ ಹಿತ್ತಾಳೆ ಬಣ್ಣದ ಪಟ್ಟಿಗಳನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಿ. ಕಲೆ ಹೋಗದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ಹಚ್ಚಿ ಒರೆಸಿ, ಪೂರ್ತಿ ಆರಿಸಿ ಹಾಕಿ. ಸ್ಯಾಂಡ್ ಪೇಪರ್ ಮುಟ್ಟಿಸಬೇಡಿ, ಮೇಲಿನ ಲೇಪ ಹೋದರೆ ಇನ್ನೂ ಬೇಗ ಕಿಲುಬು ಹಿಡಿಯುತ್ತದೆ. ಬ್ಯಾಟರಿ ಬಾಗಿಲನ್ನೂ ನೋಡಿ. ಕೆಲವು ಕ್ಯಾಮೆರಾಗಳಲ್ಲಿ ಬಾಗಿಲು ಮುಚ್ಚಿದಾಗ ಅದರ ಒಂದು ಮೂಲೆ ಒಳಗಿನ ಪುಟ್ಟ ಸ್ವಿಚ್ಚನ್ನು ಒತ್ತುತ್ತದೆ. ಆ ಮೂಲೆಯ ಪ್ಲಾಸ್ಟಿಕ್ ಸವೆದಿದ್ದರೆ ಕ್ಯಾಮೆರಾ ಬಾಗಿಲು ತೆರೆದಿದೆ ಎಂದುಕೊಂಡು ಆರಿಹೋಗುತ್ತದೆ. ಆನ್ ಇರುವಾಗ ಬಾಗಿಲನ್ನು ಬೆರಳಿಂದ ಮೆಲ್ಲಗೆ ಒತ್ತಿ ಹಿಡಿದು ನೋಡಿ. ಒತ್ತಿದಾಗ ಸರಿ, ಬಿಟ್ಟರೆ ಆಫ್ ಎಂದರೆ ಕಾರಣ ಸಿಕ್ಕಿತು.

ಚಾರ್ಜರ್ ಲೈಟಿನ ಭಾಷೆ ಕಂಪನಿಗೊಂದು. ಕೆಲವದರಲ್ಲಿ ಮಿನುಗುತ್ತಿದ್ದರೆ ಚಾರ್ಜ್ ಆಗುತ್ತಿದೆ, ನಿಂತು ಉರಿದರೆ ಮುಗಿಯಿತು. ಕೆಲವದರಲ್ಲಿ ಕಿತ್ತಳೆ, ಹಸಿರು. ಆದರೆ ಪಟಪಟ ಎಂದು ವೇಗವಾಗಿ ಮಿನುಗಿದರೆ ಸಾಮಾನ್ಯವಾಗಿ ‘ಬ್ಯಾಟರಿ ಬಿಸಿ ಇದೆ ಅಥವಾ ನನಗೆ ಒಪ್ಪಿಗೆ ಇಲ್ಲ’ ಎಂದರ್ಥ. ಕ್ಯಾಮೆರಾ ಚಾರ್ಜರ್‌ಗಳು ಹೆಚ್ಚಿನವು 100ರಿಂದ 240 ವೋಲ್ಟ್ ತನಕ ತಡೆಯುತ್ತವೆ. ಹಳ್ಳಿಯಲ್ಲಿ ವೋಲ್ಟೇಜ್ ಕಡಿಮೆ ಬಂತು, ಅದಕ್ಕೇ ಚಾರ್ಜ್ ಆಗಿಲ್ಲ ಎಂಬ ಮಾತಿಗೆ ಅಷ್ಟು ಅರ್ಥ ಇಲ್ಲ. ಜನರೇಟರ್ ಶುರು ಮಾಡುವ ಕ್ಷಣದಲ್ಲಿ ಮಾತ್ರ ಪ್ಲಗ್ ತೆಗೆದಿರಲಿ.

ಡುಪ್ಲಿಕೇಟ್ ಬ್ಯಾಟರಿ ಬಗ್ಗೆ ಕೇಳಿದ್ದೀರಿ. ಒರಿಜಿನಲ್ ಅಲ್ಲದ್ದೆಲ್ಲ ಕೆಟ್ಟದ್ದು ಎನ್ನುವವನಲ್ಲ ನಾನು. ಸ್ವಂತ ಹೆಸರು ಹಾಕಿಕೊಂಡು ಮಾರುವ, ವಾರಂಟಿ ಕೊಡುವ ಬೇರೆ ಕಂಪನಿಯ ಬ್ಯಾಟರಿ ಒಂದು ರೀತಿ. ಒರಿಜಿನಲ್ ಕಂಪನಿಯ ಹೆಸರನ್ನೇ ಕದ್ದು ಅಂಟಿಸಿದ್ದು ಇನ್ನೊಂದು ರೀತಿ. ಎರಡನೆಯದನ್ನು ಮುಟ್ಟಬೇಡಿ. ಹೇಗೆ ಗುರುತಿಸುವುದು? ಎಂಎಎಚ್ ಅಂಕಿ, ಅಂದರೆ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಲೆಕ್ಕ, ನೋಡಿ. ನಿಕಾನ್‌ನ ಇಎನ್-ಇಎಲ್14ಎ ಬ್ಯಾಟರಿ 1230 ಎಂಎಎಚ್, ಕ್ಯಾನನ್‌ನ ಎಲ್‌ಪಿ-ಇ17 ಬ್ಯಾಟರಿ 1040. ಅದೇ ಗಾತ್ರದಲ್ಲಿ 2000 ಎಂದು ಬರೆದು ಅರ್ಧ ಬೆಲೆಗೆ ಮಾರುತ್ತಿದ್ದರೆ ಬರೆದವರಿಗೆ ನಾಚಿಕೆ ಇಲ್ಲ, ಅಷ್ಟೇ. ಕೈಯಲ್ಲಿ ಹಿಡಿದು ತೂಕ ನೋಡಿ, ಒರಿಜಿನಲ್‌ಗಿಂತ ಹಗುರ ಅನ್ನಿಸಿದರೆ ಬಿಡಿ. ನಮ್ಮ ದೇಶದಲ್ಲಿ ಲಿಥಿಯಂ ಬ್ಯಾಟರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ. ಲೇಬಲ್ ಮೇಲೆ ಐಎಸ್ 16046 ಮತ್ತು ಆರ್ ಅಕ್ಷರದಿಂದ ಶುರುವಾಗುವ ನಂಬರ್ ಹುಡುಕಿ.

ಬೇರೆ ಕಂಪನಿಯ ಬ್ಯಾಟರಿ ಹಾಕಿದಾಗ ಕ್ಯಾಮೆರಾ ‘ಬ್ಯಾಟರಿ ಜೊತೆ ಸಂಪರ್ಕ ಆಗುತ್ತಿಲ್ಲ’ ಎಂಬಂಥ ಸಂದೇಶ ತೋರಿಸಬಹುದು, ಎಷ್ಟು ಉಳಿದಿದೆ ಎಂದು ಹೇಳದೇ ಇರಬಹುದು. ಪ್ಲಸ್, ಮೈನಸ್ ಬಿಟ್ಟು ನಡುವೆ ಇರುವ ಟರ್ಮಿನಲ್‌ಗಳು ತಾಪಮಾನ ಮತ್ತು ಗುರುತಿನ ಮಾಹಿತಿಗೆ. ಅದು ಹೊಂದದಿದ್ದರೆ ಹೀಗಾಗುತ್ತದೆ. ಮದುವೆ ಕೆಲಸಕ್ಕೆ ನನ್ನ ಸಲಹೆ ಹೀಗಿದೆ: ಮುಖ್ಯಕ್ಕೆ ಒಂದು ಒರಿಜಿನಲ್, ಜೇಬಿನಲ್ಲಿ ಒಂದು ಒಳ್ಳೆಯ ಬೇರೆ ಕಂಪನಿಯದು. ಜೇಬು ಎಂದ ಮೇಲೆ, ಬೀಗದ ಕೈ, ಚಿಲ್ಲರೆ ಇರುವ ಜೇಬು ಬೇಡ. ಟರ್ಮಿನಲ್ ಶಾರ್ಟ್ ಆದರೆ ಪ್ಯಾಂಟಿಗೇ ಬೆಂಕಿ. ಪ್ಲಾಸ್ಟಿಕ್ ಮುಚ್ಚಳ ಹಾಕಿಯೇ ಇಡಿ.

ನಿಮ್ಮ ಹಳೆಯ ಬ್ಯಾಟರಿ ಗೂಡಿನಿಂದ ಸಲೀಸಾಗಿ ಜಾರಿ ಬರುತ್ತದೆಯೇ? ಬಿಗಿಯಾಗಿದ್ದರೆ ಉಬ್ಬಿದೆ ಎಂದರ್ಥ. ಅದನ್ನು ಇನ್ನೊಮ್ಮೆಯೂ ಚಾರ್ಜ್ ಹಾಕಬೇಡಿ. ಸ್ಕ್ರೂಡ್ರೈವರ್ ಹಾಕಿ ಎಬ್ಬಬೇಡಿ, ಚುಚ್ಚಿದರೆ ಹೊತ್ತಿಕೊಳ್ಳುತ್ತದೆ. ಕಸಕ್ಕೂ, ಒಲೆಗೂ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯ ಬ್ಯಾಟರಿ ಸಂಗ್ರಹಿಸುವ ಹೊಣೆ ತಯಾರಕರ ಮೇಲಿದೆ. ಕಂಪನಿಯ ಸರ್ವಿಸ್ ಸೆಂಟರ್‌ಗೆ ಹೋದಾಗ ಕೊಟ್ಟುಬನ್ನಿ.

ತಾರೀಖು ತಪ್ಪುವುದಕ್ಕೂ ಬೋರ್ಡಿಗೂ ಸಂಬಂಧ ಕಡಿಮೆ. ಗಡಿಯಾರ ನಡೆಸಲು ಕ್ಯಾಮೆರಾ ಒಳಗೆ ಇನ್ನೊಂದು ಪುಟ್ಟ ಬ್ಯಾಟರಿ ಇದೆ. ಈಗಿನ ಕ್ಯಾಮೆರಾಗಳಲ್ಲಿ ಅದು ಮುಖ್ಯ ಬ್ಯಾಟರಿಯಿಂದಲೇ ಚಾರ್ಜ್ ಆಗುತ್ತದೆ. ಬ್ಯಾಟರಿ ತೆಗೆದು ತಿಂಗಳುಗಟ್ಟಲೆ ಇಟ್ಟರೆ ಅದೂ ಖಾಲಿ. ಫುಲ್ ಚಾರ್ಜ್ ಆದ ಚೆನ್ನಾಗಿರುವ ಬ್ಯಾಟರಿ ಹಾಕಿ, ಎರಡು ದಿನ ಹಾಗೇ ಬಿಟ್ಟು, ಆಮೇಲೆ ತಾರೀಖು ಸರಿಮಾಡಿ. ತಪ್ಪುವುದು ನಿಲ್ಲುತ್ತದೆ. ಆಮೇಲೂ ತಪ್ಪಿದರೆ ಆ ಪುಟ್ಟ ಬ್ಯಾಟರಿಯೇ ಹೋಗಿದೆ, ಬೇರೆ ರಿಪೇರಿಗೆ ಬಿಚ್ಚಿದಾಗ ಬದಲಿಸಿದರೆ ಸಾಕು.

ಹಾಗಾಗಿ ರಿಪೇರಿಯವರ ಹತ್ತಿರ ಹೋಗುವಾಗ ಬರಿಗೈಲಿ ಹೋಗಬೇಡಿ. ‘ಸ್ಕ್ರೀನ್ ಕಪ್ಪಾದಾಗಲೂ ವ್ಯೂಫೈಂಡರ್ ನಡೆಯುತ್ತದೆ, ಟಿವಿಯಲ್ಲಿ ಚಿತ್ರ ಬರುತ್ತದೆ, ಗೆಳೆಯರ ಬ್ಯಾಟರಿಯಲ್ಲಿ ಪೂರ್ತಿ ಕಾರ್ಯಕ್ರಮ ತೆಗೆದೆ’ ಎಂದು ಹೇಳಿ. ಮೊದಲು ಫ್ಲೆಕ್ಸ್ ಬದಲಿಸಿ ನೋಡಿ ಎನ್ನಿ. ಹಳೆಯ ಭಾಗವನ್ನು ವಾಪಸ್ ಕೇಳಿ. ಅದರ ಬಿರುಕು ಕಣ್ಣಿಗೆ ಕಾಣುವುದೂ ಉಂಟು. ಅವರು ಆಮೇಲೂ ಬೋರ್ಡ್ ಎಂದೇ ಹಟ ಹಿಡಿದರೆ, ಅದೇ ಮಾಡೆಲ್ ಸೆಕೆಂಡ್ ಹ್ಯಾಂಡ್ ಬಾಡಿ ಎಷ್ಟಕ್ಕೆ ಸಿಗುತ್ತದೆ ಎಂದು ವಿಚಾರಿಸಿಯೇ ತೀರ್ಮಾನ ಮಾಡಿ. ನೀವೇ ಬಿಚ್ಚುವ ಸಾಹಸ ಮಾತ್ರ ಬೇಡ. ಒಳಗಿನ ಫ್ಲಾಶ್ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಇರುತ್ತದೆ, ಬ್ಯಾಟರಿ ತೆಗೆದ ಮೇಲೂ ಬಹಳ ಹೊತ್ತು ನಿಂತಿರುತ್ತದೆ.

ಮುಂದೆ ಮಿರರ್‌ಲೆಸ್ ಕೊಂಡರೆ ಸ್ಟುಡಿಯೊದಲ್ಲಿ ಇನ್ನೊಂದು ‘ಕಪ್ಪು ಸ್ಕ್ರೀನ್’ ಎದುರಾಗುತ್ತದೆ, ಈಗಲೇ ಹೇಳಿಬಿಡುತ್ತೇನೆ. ಮ್ಯಾನುಯಲ್ ಮೋಡ್, ಶಟರ್ 160, ಅಪರ್ಚರ್ 8, ಐಎಸ್‌ಒ 100 ಇಟ್ಟು ಸ್ಟುಡಿಯೊ ಫ್ಲಾಶ್ ಟ್ರಿಗರ್ ಹಾಕುತ್ತೀರಿ. ಫ್ಲಾಶ್ ಬರುತ್ತದೆ ಎಂದು ಕ್ಯಾಮೆರಾಗೆ ಗೊತ್ತಿಲ್ಲ. ಕೋಣೆಯ ಬೆಳಕಿಗೆ ಫೋಟೊ ಹೇಗೆ ಬರುತ್ತದೋ ಹಾಗೇ, ಅಂದರೆ ಕಗ್ಗತ್ತಲು, ತೋರಿಸುತ್ತದೆ. ಮೆನು ಒತ್ತಿದರೆ ಅಕ್ಷರ ಹೊಳೆಯುತ್ತವೆ. ಅದೇ ಸಾಕ್ಷಿ, ಸ್ಕ್ರೀನ್ ಸರಿಯಾಗಿದೆ. ಸೋನಿಯಲ್ಲಿ ಲೈವ್ ವ್ಯೂ ಡಿಸ್‌ಪ್ಲೇಯ ಸೆಟ್ಟಿಂಗ್ ಎಫೆಕ್ಟ್ ಆಫ್ ಮಾಡಿ, ಕ್ಯಾನನ್‌ನಲ್ಲಿ ಎಕ್ಸ್‌ಪೋಷರ್ ಸಿಮ್ಯುಲೇಷನ್ ಆಫ್ ಮಾಡಿ.

ಇನ್ನು ಸೆಲ್ ಹಾಕುವ ಹಳೆಯ ಕ್ಯಾಮೆರಾ. ಯಾವ ಸೆಲ್ ಹಾಕಿದಿರಿ ಎಂದು ನೀವು ಬರೆದಿಲ್ಲ, ಆದರೆ ಕಿರಾಣಿ ಅಂಗಡಿಯಲ್ಲಿ ಸಿಗುವ ಅಗ್ಗದ, ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ ಇರಬೇಕು. ಅದು ಜಿಂಕ್ ಕಾರ್ಬನ್ ಸೆಲ್. ಗಡಿಯಾರಕ್ಕೆ ವರ್ಷ ಬರುತ್ತದೆ, ಏಕೆಂದರೆ ಗಡಿಯಾರ ಕೇಳುವ ಕರೆಂಟ್ ಏನೇನೂ ಅಲ್ಲ. ಕ್ಯಾಮೆರಾದ ಲೆನ್ಸ್ ಮೋಟಾರ್ ಮತ್ತು ಸ್ಕ್ರೀನ್ ಒಟ್ಟಿಗೆ ಕೇಳುವಷ್ಟು ಅದು ಕೊಡಲಾರದು. ಲೆನ್ಸ್ ಅರ್ಧ ದಾರಿಯಲ್ಲಿ ನಿಲ್ಲುವುದು ಅದಕ್ಕೇ. ಆಲ್ಕಲೈನ್ ಎಂದು ಸ್ಪಷ್ಟವಾಗಿ ಬರೆದಿರುವುದನ್ನು ತಗೊಳ್ಳಿ. ದಿನಾ ಬಳಸುವುದಾದರೆ ರೀಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಇನ್ನೂ ಒಳ್ಳೆಯದು. ಅದು 1.5 ಅಲ್ಲ, 1.2 ವೋಲ್ಟ್. ಆದರೂ ಭಾರಕ್ಕೆ ಬಗ್ಗುವುದಿಲ್ಲ. ಮೆನುವಿನಲ್ಲಿ ಬ್ಯಾಟರಿ ಟೈಪ್ ಎಂಬ ಆಯ್ಕೆ ಇದ್ದರೆ ಹಾಕಿದ ಸೆಲ್‌ಗೆ ತಕ್ಕಂತೆ ಬದಲಿಸಿ. ಇಲ್ಲದಿದ್ದರೆ 1.2 ನೋಡಿ ಖಾಲಿ ಎಂದೇ ತೋರಿಸುತ್ತದೆ. ಹಳೆಯದು, ಹೊಸದು ಬೆರೆಸಿ ಹಾಕಬೇಡಿ. ಗೂಡಿನ ಸ್ಪ್ರಿಂಗ್ ಮೇಲೆ ಬಿಳಿ, ಹಸಿರು ಪುಡಿ ಕಂಡರೆ ಹಿಂದಿನ ಸೆಲ್ ಸೋರಿದೆ. ಸೋರಿದ್ದು ಆಲ್ಕಲೈನ್ ಸೆಲ್ ಆಗಿದ್ದರೆ ಹತ್ತಿ ಕಡ್ಡಿಗೆ ಒಂದು ಹನಿ ವಿನೆಗರ್ ಅಥವಾ ನಿಂಬೆರಸ ಮುಟ್ಟಿಸಿ ಒರೆಸಿ, ಆಮೇಲೆ ಆಲ್ಕೋಹಾಲ್ ಹಚ್ಚಿ ಒರೆಸಿ, ಆರಿಸಿ. ಒಳ್ಳೆಯ ಸೆಲ್ ಹಾಕಿದ ಮೇಲೂ ಲೆನ್ಸ್ ಕರಕರ ಸದ್ದು ಮಾಡಿ ನಿಂತರೆ ಒಳಗೆ ಮರಳು ಸೇರಿದೆ ಅಥವಾ ಗೇರಿನ ಹಲ್ಲು ಮುರಿದಿದೆ. ಆ ಕ್ಯಾಮೆರಾಗೆ ಅಷ್ಟು ಖರ್ಚು ಮಾಡಬೇಡಿ.